ಒಸಡಿನ ಕೀವು

ಬಸ್ಸಿನ ಕಂಡಕ್ಟರನಾಗಿ ಬದುಕು ಕಳೆದವನಿಗೆ ಮನುಷ್ಯರ ಎಂಜಲಿನ ಬಗ್ಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರಲಾರದು. ನಾನು ಯಲಬುರ್ಗಾ, ಕೊಪ್ಪಳ, ಗಂಗಾವತಿ ನಡುವೆ ಓಡುವ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಹರಿದವನು. ಕೊನೆಕೊನೆಗೆ ಹರಿಯುವುದು ಹೋಗಿ ಮಷೀನು ಬಂತು; ಎಂಜಲು ಮಾತ್ರ ಇದ್ದ ಹಾಗೇ ಇತ್ತು. ಬೆಳಿಗ್ಗೆ ಡಿಪೋದಲ್ಲಿ ತೊಳೆದು ನಿಲ್ಲಿಸಿದ ಬಸ್ಸು ಮೊದಲ ಟ್ರಿಪ್ ಮುಗಿಸಿ ಬರುವಷ್ಟರಲ್ಲಿ ಪ್ರತಿ ಕಿಟಕಿಯ ಕೆಳಗೂ ಕೆಂಪು ಗೆರೆ ಇಳಿದಿರುತ್ತಿತ್ತು. ಗಾಳಿಗೆ ಮುಂದಿನ ಕಿಟಕಿಯವನು ಉಗುಳಿದ್ದು ಹಿಂದಿನ ಕಿಟಕಿಯವನ ಮುಖಕ್ಕೆ ಬೀಳುತ್ತಿತ್ತು. ಅವನು ಒರೆಸಿಕೊಂಡು, ಬೈದು, ಸ್ವಲ್ಪ ಹೊತ್ತಿಗೆ ತಾನೂ ತಲೆ ಹೊರಗೆ ಹಾಕಿ ಉಗುಳುತ್ತಿದ್ದ.

ನೋಟು ಕೊಡುವವರು ಮೊದಲು ಬೆರಳನ್ನು ನಾಲಗೆಗೆ ಒತ್ತುತ್ತಿದ್ದರು. ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಾದ ಮೇಲೆ ಆಧಾರ್ ಕಾರ್ಡ್ ತೋರಿಸಬೇಕಾಯಿತು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮಗು ಇದ್ದವರು ಕಾರ್ಡನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿರುತ್ತಿದ್ದರು. ಅದನ್ನು ನಾನು ಎರಡು ಬೆರಳ ತುದಿಯಲ್ಲಿ ಹಿಡಿದು ನೋಡಿ ವಾಪಸು ಕೊಟ್ಟು, ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಕೂರುವ ಮುಂಚೆ ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆಯುತ್ತಿದ್ದೆ. ಚಹಾದಂಗಡಿಯ ಗ್ಲಾಸು ನನಗೆ ಆಗುತ್ತಿರಲಿಲ್ಲ, ಚೀಲದಲ್ಲಿ ನನ್ನದೇ ಸ್ಟೀಲ್ ಲೋಟ ಇರುತ್ತಿತ್ತು. ಎಲೆ ಅಡಿಕೆ, ತಂಬಾಕು, ಗುಟ್ಕಾ ಯಾವುದನ್ನೂ ಬಾಯಿಗೆ ಹಾಕಿದವನಲ್ಲ. ದಿನಾ ಬೆಳಿಗ್ಗೆ ಇದ್ದಿಲ ಪುಡಿಗೆ ಉಪ್ಪು ಬೆರೆಸಿ, ಬೆರಳಿನಿಂದ ಹಲ್ಲು ಉಜ್ಜಿ, ತಾಮ್ರದ ಪಟ್ಟಿಯಿಂದ ನಾಲಗೆ ಕೆರೆದು, ಓಣಿಗೆಲ್ಲ ಕೇಳುವ ಹಾಗೆ ಕ್ಯಾಕರಿಸುತ್ತಿದ್ದೆ. ಉಗುಳಿದ ನೀರು ಸ್ವಲ್ಪ ಕೆಂಪಾಗಿರುತ್ತಿತ್ತು. ಉಪ್ಪು ಹಾಕಿ ತಿಕ್ಕಿದರೆ ರಕ್ತ ಬರದೆ ಇನ್ನೇನು ಬರುತ್ತದೆ ಎಂದುಕೊಂಡಿದ್ದೆ.

ಸೀಟಿನ ಪಕ್ಕ ಬಗ್ಗಿ ಎಲ್ಲಿಗೆ ಎಂದು ಕೇಳಿದರೆ ಜನ ಕಿಟಕಿಯ ಕಡೆ ಮುಖ ತಿರುಗಿಸಿ ಉತ್ತರ ಕೊಡುತ್ತಿದ್ದರು. ಕೆಲವರು ಸೆರಗು ಮೂಗಿಗೆ ಹಿಡಿಯುತ್ತಿದ್ದರು. ಕಂಡಕ್ಟರ್ ಎಂದರೆ ಇವರಿಗೆಲ್ಲ ಇಷ್ಟು ತಾತ್ಸಾರ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಕೊರೋನಾ ಕಾಲದಲ್ಲಿ ಮಾಸ್ಕ್ ಹಾಕಿಕೊಂಡಾಗ ಅದರೊಳಗೆ ಸತ್ತ ಇಲಿಯಂಥ ವಾಸನೆ ಬರುತ್ತಿತ್ತು. ಡಿಪೋದಲ್ಲಿ ಹಂಚಿದ ಬಟ್ಟೆಯೇ ಹೊಲಸು ಎಂದು ಮೇಲಿನವರ ಹತ್ತಿರ ಜಗಳ ತೆಗೆದಿದ್ದೆ. ಬೇರೆ ಮಾಸ್ಕ್ ಕೊಟ್ಟರು. ಅದೂ ನಾರಿತು. ಅದನ್ನೂ ಬೈದೆ.

ನನಗೆ ಬಿ.ಪಿ. ಇದೆ ಎಂದು ಗೊತ್ತಾಗಿ ಆಗಲೇ ಎಷ್ಟೋ ವರ್ಷವಾಗಿತ್ತು. ಡಿಪೋದಲ್ಲಿ ಎಲ್ಲರನ್ನೂ ಪರೀಕ್ಷೆ ಮಾಡಿದಾಗ ಸಿಕ್ಕಿಬಿದ್ದದ್ದು. ಗುಳಿಗೆ ಬರೆದುಕೊಟ್ಟಿದ್ದರು. ತಲೆ ಸಿಡಿದರೆ ತೆಗೆದುಕೊಳ್ಳುತ್ತಿದ್ದೆ, ಸಿಡಿಯದಿದ್ದರೆ ಇಲ್ಲ. ನಮ್ಮ ಕಡೆ ಬಿ.ಪಿ. ಇದ್ದವರು ಬಹಳ ಮಂದಿ ಹಾಗೇ. ರೊಟ್ಟಿಯ ಜೊತೆ ಉಪ್ಪಿನಕಾಯಿ, ಮಧ್ಯಾಹ್ನ ಮಿರ್ಚಿ ಮಂಡಕ್ಕಿ, ಮೇಲೆ ಗುಳಿಗೆ ನುಂಗಿದರೆ ಲೆಕ್ಕ ಸರಿಹೋಯಿತು ಎಂಬ ನಂಬಿಕೆ.

ಅವತ್ತು ಶನಿವಾರ. ಹನುಮನಹಳ್ಳಿಗೆ ಬಸ್ಸು ಹೋಗಿತ್ತು. ಅಲ್ಲಿಯ ಹನುಮಂತನ ಬೆಟ್ಟ ಹತ್ತುವ ಭಕ್ತರು ತುಂಬಿ ತುಳುಕುತ್ತಿದ್ದರು. ವಾಪಸು ಹೊರಡಲು ಸಮಯವಿದ್ದುದರಿಂದ ಡ್ರೈವರ್ ಮೇಲೆ ಹೋಗಿ ಕೈ ಮುಗಿದು ಬರೋಣ ಎಂದ. ಅವನು ನನಗಿಂತ ಸಣ್ಣವನು, ಬಾಯಲ್ಲಿ ಸದಾ ಗುಟ್ಕಾ. ಹಿಂದೆಲ್ಲ ಆ ಮೆಟ್ಟಿಲುಗಳನ್ನು ಮಾತಾಡುತ್ತಲೇ ಹತ್ತಿದವನು ನಾನು. ಈ ಸಲ ಅರ್ಧ ದಾರಿಯೂ ಆಗಿರಲಿಲ್ಲ, ಎದೆಯೊಳಗೆ ಗಾಳಿ ಹೋಗುವ ಜಾಗವೇ ಮುಚ್ಚಿದಂತಾಯಿತು. ನೋವಿರಲಿಲ್ಲ. ಎಷ್ಟು ಎಳೆದರೂ ಉಸಿರು ಸಾಲುತ್ತಿರಲಿಲ್ಲ. ಮೆಟ್ಟಿಲಿನ ಮೇಲೆ ಕುಸಿದು ಕೂತೆ. ಕೂತ ಮೇಲೆ ನೋಡಿದರೆ, ನನ್ನ ಅಂಗೈಯ ಪಕ್ಕದಲ್ಲೇ ಯಾರೋ ಉಗುಳಿದ ಹಸಿ ತಂಬಾಕು. ನೊಣ ಮುತ್ತಿದ್ದವು. ಸರಿದು ಕೂರಬೇಕೆಂದರೂ ಶಕ್ತಿ ಇಲ್ಲ. ಕಣ್ಣು ಮುಚ್ಚಿಕೊಂಡೆ, ಆದರೂ ಆ ವಾಸನೆ ಮೂಗಿಗೆ ಬರುತ್ತಲೇ ಇತ್ತು. ನಾನು ಸತ್ತರೆ ಇದರ ಪಕ್ಕದಲ್ಲಿ ಸಾಯಬೇಕಲ್ಲ ಎಂಬುದೊಂದೇ ಯೋಚನೆ. ಡ್ರೈವರ್ ಬಗಲಿಗೆ ಕೈ ಕೊಟ್ಟು ಇಳಿಸಿದ. ಡಿಪೋಕ್ಕೆ ಫೋನ್ ಮಾಡಿ ಬೇರೆ ಕಂಡಕ್ಟರನನ್ನು ಕರೆಸಿ, ನನ್ನನ್ನು ಗಂಗಾವತಿಯ ಆಸ್ಪತ್ರೆಗೆ ಮುಟ್ಟಿಸಿದ.

ಅಲ್ಲಿಯ ಹೃದಯದ ಡಾಕ್ಟರು ನನ್ನ ವಯಸ್ಸಿನವರೇ. ಸಿಟ್ಟಿಲ್ಲದ ಮನುಷ್ಯ. ಬಿ.ಪಿ. ನೋಡಿ, ಮತ್ತೆ ನೋಡಿ, ಇ.ಸಿ.ಜಿ. ತೆಗೆಸಿ, ಹಾರ್ಟ್ ಅಟ್ಯಾಕ್ ಅಲ್ಲ ಎಂದರು. ಗುಳಿಗೆಗಳನ್ನು ಬದಲಿಸಿ ದಿನಾ ತಪ್ಪದೆ ನುಂಗಬೇಕೆಂದು ಹೇಳಿ, ರಕ್ತ ಕೊಟ್ಟು ಎಕೋ ಮಾಡಿಸಿಕೊಂಡು ಬರಲು ಕಳಿಸಿದರು. ಎಕೋ ಕೋಣೆಯ ಮಂಚದ ಮೇಲಿನ ಚಾದರಕ್ಕೆ ನನಗಿಂತ ಮುಂಚೆ ಮಲಗಿದವನ ಬೆವರು ಹತ್ತಿತ್ತು. ಬೇರೆ ಹಾಸಿರಿ ಎಂದೆ. ಅಲ್ಲಿ ಕೆಲಸಕ್ಕಿದ್ದ ಹುಡುಗಿ ನನ್ನ ಮುಖ ನೋಡಿ ಅದೇ ಚಾದರವನ್ನು ತಿರುವಿ ಹಾಕಿದಳು. ಎದೆಗೆ ತಣ್ಣನೆಯ ಅಂಟು ಹಚ್ಚಿದರು. ಪರದೆಯ ಮೇಲೆ ನನ್ನ ಹೃದಯ ಕಂಡಿತು. ಕವಾಟಗಳು ದಡಕ್ಕೆ ಬಿದ್ದ ಮೀನಿನ ಬಾಯಿಯ ಹಾಗೆ ತೆರೆದು ಮುಚ್ಚುತ್ತಿದ್ದವು. ನೋಡಲಾಗದೆ ಗೋಡೆಯ ಕಡೆ ತಿರುಗಿದೆ.

ವರದಿಗಳು ಬಂದ ಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಹೃದಯ ರಕ್ತ ತಳ್ಳುವ ಕೆಲಸ ಚೆನ್ನಾಗಿಯೇ ಮಾಡುತ್ತಿದೆ, ಆದರೆ ತಳ್ಳಿದ ಮೇಲೆ ಸಡಿಲವಾಗಿ ಮತ್ತೆ ತುಂಬಿಕೊಳ್ಳಬೇಕಲ್ಲ, ಅದು ಆಗುತ್ತಿಲ್ಲ. ವರ್ಷಗಟ್ಟಲೆ ಬಿ.ಪಿ.ಯ ವಿರುದ್ಧ ಜಗ್ಗಾಡಿ ಗೋಡೆ ದಪ್ಪವಾಗಿದೆ, ಬಿರುಸಾಗಿದೆ. ಅದಕ್ಕೇ ಹತ್ತುವಾಗ ಉಸಿರು ಸಾಲದು. ಇನ್ನೊಂದು ಸಂಗತಿಗೆ ಅವರಿಗೆ ಕಾರಣ ಸಿಕ್ಕಿರಲಿಲ್ಲ. ರಕ್ತದಲ್ಲಿ ಸಿ.ಆರ್.ಪಿ. ಎಂಬುದೊಂದು ಇರುತ್ತದಂತೆ. ಮೈಯಲ್ಲಿ ಎಲ್ಲಾದರೂ ಉರಿಯೂತ ಇದ್ದರೆ ಅದು ಏರುತ್ತದೆ. ನನ್ನದು ಬಹಳ ಏರಿತ್ತು. ಉರಿಯೂತ ಅಂದರೆ ಏನು ಎಂದು ಕೇಳಿದೆ.

"ಕಾಲಿಗೆ ಮುಳ್ಳು ಚುಚ್ಚಿ ಬಾತು ಕೆಂಪಾಕ್ಕೈತಲ್ಲ, ಅಂಥಾದ್ದು ಒಳಗೆಲ್ಲೋ ನಡದೈತಿ. ಊರಾಗ ಜಗಳ ನಡದೈತಿ ಅಂತ ಈ ರಕ್ತ ಹೇಳ್ತೈತ್ರಿ. ಯಾರ ಮನ್ಯಾಗ ಅಂತ ಹೇಳಂಗಿಲ್ಲ."

ಜ್ವರ ಇದೆಯೇ, ಕೀಲು ನೋವೇ, ಕೆಮ್ಮೇ, ಮೂತ್ರ ಉರಿಯೇ, ಮೂಲವ್ಯಾಧಿಯೇ, ಕಾಲಲ್ಲಿ ಗಾಯವೇ ಎಂದು ಒಂದೊಂದಾಗಿ ಕೇಳಿದರು. ನನಗೆ ಅವಮಾನವಾಯಿತು. ಹೊಲಸು ರೋಗಗಳನ್ನೆಲ್ಲ ಹುಡುಕಿ ಹುಡುಕಿ ನನ್ನ ಮೈಮೇಲೆ ಹಾಕುತ್ತಿದ್ದಾರೆ ಎನ್ನಿಸಿತು. ಎಲ್ಲದಕ್ಕೂ ಇಲ್ಲ ಎಂದೆ. ನೆಗಡಿ ಬಂದಿದ್ದರೂ ಏರಿರಬಹುದು, ಕೆಲವು ವಾರ ಬಿಟ್ಟು ಮತ್ತೆ ರಕ್ತ ನೋಡೋಣ ಎಂದರು. ಆ ವಾರಗಳಲ್ಲಿ ಮನೆಯಲ್ಲಿ ಕೂತು ನನ್ನ ಮೈಯನ್ನು ನಾನೇ ಶೋಧಿಸಿದೆ. ಬೆರಳ ಸಂದಿ, ಉಗುರು, ಕಂಕುಳು, ತೊಡೆಯ ಸಂದಿ. ಹೆಂಡತಿಯ ಕೈಯಲ್ಲಿ ಬೆನ್ನು ನೋಡಿಸಿದೆ. ಎಲ್ಲೂ ಏನೂ ಇಲ್ಲ ಎಂದಳು. ಬೆನ್ನನ್ನಷ್ಟೇ ನೋಡು ಎಂದವನು ನಾನು, ಅವಳು ಬೆನ್ನನ್ನಷ್ಟೇ ನೋಡಿದ್ದಳು.

ಎರಡನೆಯ ಸಲವೂ ಸಿ.ಆರ್.ಪಿ. ಇಳಿದಿರಲಿಲ್ಲ. ಡಾಕ್ಟರು ಕುರ್ಚಿಯಿಂದ ಎದ್ದು ನನ್ನ ಕುತ್ತಿಗೆ ಮುಟ್ಟಿ ನೋಡಿದರು, ಕಿವಿಯ ಹಿಂದೆ ಒತ್ತಿದರು. ಕೊನೆಗೆ ಬಾಯಿ ತೆಗೆಯಲು ಹೇಳಿ ಬ್ಯಾಟರಿ ಬೆಳಕು ಬಿಟ್ಟರು. ಬಗ್ಗಿದ ಅವರ ಮುಖ ಒಂದು ಕ್ಷಣ ಪಕ್ಕಕ್ಕೆ ಹೊರಳಿತು, ಉಸಿರು ಹಿಡಿದುಕೊಂಡರು, ಮತ್ತೆ ನೋಡಿದರು. ಆ ಹೊರಳಿಕೆಯನ್ನು ನಾನು ಬಸ್ಸಿನಲ್ಲಿ ಎಷ್ಟು ಮಂದಿಯ ಮುಖದಲ್ಲಿ ನೋಡಿರಲಿಲ್ಲ? ಆದರೂ ಆಗ ಹೊಳೆಯಲಿಲ್ಲ.

"ಹಲ್ಲಿನ ಡಾಕ್ಟರ್ ಕಡೆ ಯಾವಾಗ ಹೋಗಿದ್ರಿ?" ಎಂದು ಕೇಳಿದರು.

"ಹೋಗಿಲ್ರಿ. ಹಲ್ಲು ಎಂದೂ ನೋವ ಬಂದಿಲ್ಲ."

"ನೋವು ಬರಲಾರದಂಗ ಕೊಳಿತಾವ್ರಿ ಇವು. ಮೊದ್ಲ ಅಲ್ಲಿ ತೋರಿಸ್ಕೊಂಡು ಬರ್ರಿ."

ಕೊಳೆಯುತ್ತವೆ ಎಂಬ ಆ ಮಾತು ಕೊಪ್ಪಳದ ದಾರಿಯುದ್ದಕ್ಕೂ ಕಿವಿಯಲ್ಲಿತ್ತು. ಎಂಥ ಮನುಷ್ಯ, ಎದೆಯ ರೋಗಕ್ಕೆ ಹೋದರೆ ಹಲ್ಲಿಗೆ ಕಳಿಸುತ್ತಾನೆ ಎಂದು ಬೈದುಕೊಂಡೆ. ಹೆಂಡತಿಗೆ ಹೇಳಿದೆ. ಅವಳು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಒಳಗಿಂದಲೇ, ನಾಳೆಯೇ ಹೋಗಿಬನ್ನಿ ಎಂದಳು.

ಕೊಪ್ಪಳದ ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನನ್ನು ಕುರ್ಚಿಯಲ್ಲಿ ಒರಗಿಸಿ, ತೆಳ್ಳನೆಯ ಕಡ್ಡಿಯೊಂದನ್ನು ಹಲ್ಲಿಗೂ ಒಸಡಿಗೂ ನಡುವೆ ಇಳಿಸುತ್ತ ಹೋದಳು. ಹಲ್ಲಿನ ಬೇರು ಅಷ್ಟು ಆಳಕ್ಕಿದೆ, ಅಲ್ಲಿಯತನಕ ಏನಾದರೂ ಹೋಗುತ್ತದೆ ಎಂದು ನನಗೆ ತಿಳಿದೇ ಇರಲಿಲ್ಲ. ಹೋಗುತ್ತಲೇ ಇತ್ತು. ಅವಳ ಮುಖಕ್ಕೆ ಎರಡು ಮಾಸ್ಕ್ ಇದ್ದವು. ಆಮೇಲೆ ಪೆನ್ನಿನಂಥ ಕ್ಯಾಮೆರಾ ಹಿಡಿದು, ಎದುರಿನ ಪರದೆ ನೋಡಲು ಹೇಳಿದಳು.

ನಾನು ನೋಡಿದ್ದನ್ನು ಹೇಗೆ ಬರೆಯಲಿ? ಒಸಡು ಎಂಬುದು ನೇರಳೆ ಬಣ್ಣಕ್ಕೆ ತಿರುಗಿ, ಹಲ್ಲು ಬಿಟ್ಟು ಸಡಿಲವಾಗಿ, ನೆನೆದ ಚರ್ಮದ ಹಾಗೆ ಜೋಲುತ್ತಿತ್ತು. ಹಲ್ಲುಗಳ ಬುಡಕ್ಕೆ ಕಂದು ಕಲ್ಲು ಕಟ್ಟಿತ್ತು. ನಲ್ಲಿಯ ಬಾಯಿಗೆ ಕಟ್ಟುತ್ತದಲ್ಲ, ಅಂಥದು. ಅವಳು ಕೆಳಗಿನ ಒಸಡನ್ನು ಕೈಗವಸಿನ ಬೆರಳಿನಿಂದ ಮೆಲ್ಲಗೆ ಒತ್ತಿದಳು. ಹಲ್ಲಿನ ಬುಡದಿಂದ ಹಳದಿ ಕೀವು ಉಕ್ಕಿ ಬಂತು. ಒತ್ತಿದಲ್ಲೆಲ್ಲ ಬಂತು. ಅದರ ರುಚಿ ನನ್ನ ನಾಲಗೆಗೆ ಹೊಸದಲ್ಲ, ದಿನಾ ಬೆಳಿಗ್ಗೆ ಇರುವ ರುಚಿಯೇ. ಬಾಯಿಯ ರುಚಿಯೇ ಹಾಗೆ ಎಂದು ತಿಳಿದಿದ್ದೆ.

"ಇದನ್ನ ದಿನಾ ನುಂಗಾಕತ್ತೀರಿ ಕಾಕಾರ," ಎಂದಳು. ಬೈದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು.

ಪಕ್ಕದ ಬಟ್ಟಲಿಗೆ ಬಗ್ಗಿದೆ. ಹೊಟ್ಟೆಯಲ್ಲಿದ್ದದ್ದೆಲ್ಲ ಬಂತು. ತೊಳೆದುಕೊಂಡ ಮೇಲೆ ಎದುರಿನ ಕನ್ನಡಿಯಲ್ಲಿ ಮುಖ ನೋಡಿ, ಬಾಯಿ ಮುಚ್ಚಿಕೊಂಡೆ. ತೆರೆಯಲು ಹೆದರಿಕೆ. ಆ ಬಾಯಿಯಿಂದ ನಾನು ಎಷ್ಟು ಜನರಿಗೆ, ಥೂ, ಬಸ್ಸು ಹೊಲಸು ಮಾಡಬೇಡಿ ಎಂದು ಬೈದಿದ್ದೆನೋ!

ಬಿ.ಪಿ.ಗೆ ಹಿಂದೆ ಯಾವ ಗುಳಿಗೆ ತೆಗೆದುಕೊಳ್ಳುತ್ತಿದ್ದೆ ಎಂದು ಕೇಳಿದಳು. ಕೆಲವು ಬಿ.ಪಿ. ಗುಳಿಗೆಗಳಿಂದ ಒಸಡು ಬಾಯುವುದುಂಟು ಎಂದಳು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. ಹಾಗಾದರೆ ಗುಳಿಗೆಯಿಂದಲೇ ಆದದ್ದು ಎಂದೆ. ಅವಳು ತಲೆ ಅಲ್ಲಾಡಿಸಿದಳು.

"ಗುಳಿಗಿಗೆ ಬೈಬ್ಯಾಡ್ರಿ. ಹೊಲಸು ಕುಂತಲ್ಲೇ ಅದೂ ಬಾಯಸೋದು. ಇದು ಭಾಳ ವರ್ಷದ್ದೈತ್ರಿ."

ಆಸ್ಪತ್ರೆಯಿಂದ ನೆಟ್ಟಗೆ ಬಸ್ ನಿಲ್ದಾಣಕ್ಕೆ ಹೋದೆ. ಡ್ರೈವರ್ ಚಹಾದಂಗಡಿಯ ಹತ್ತಿರ ನಿಂತಿದ್ದ. ಅವನನ್ನು ಪಕ್ಕಕ್ಕೆ ಕರೆದು, ನನ್ನ ಬಾಯಿ ವಾಸನೆ ಬರುತ್ತದೆಯೇ ಎಂದು ಕೇಳಿದೆ. ಅವನು ನೆಲ ನೋಡಿದ. ಗುಟ್ಕಾವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದ. ಎಂದಿನಿಂದ ಗೊತ್ತು ಎಂದು ಮತ್ತೆ ಕೇಳಿದೆ. ನಾವಿಬ್ಬರೂ ಒಂದೇ ಬಸ್ಸಿಗೆ ಬಿದ್ದ ದಿನದಿಂದ ಎಂದ. ಡಿಪೋದಲ್ಲಿ ಎಲ್ಲರಿಗೂ ಗೊತ್ತಿತ್ತಂತೆ. ನನ್ನ ಜೊತೆ ಡ್ಯೂಟಿ ಬಿದ್ದವರು ಒಬ್ಬರಿಗೊಬ್ಬರು ಕಣ್ಣು ಹೊಡೆಯುತ್ತಿದ್ದರಂತೆ.

"ಬೇಜಾರ ಮಾಡ್ಕೋಬ್ಯಾಡ್ರಿ ಅಣ್ಣಾರ. ನೀವು ಗುಟ್ಕಾ ಬಿಡೋ ಅಂತ ಬೈತಿದ್ರಲ್ಲ, ನಿಮ್ಮ ಸಂಗಾಟ ಮಾತಾಡೂಮುಂದ ಅದರ ವಾಸನಿನ ನನಗ ಆಧಾರ ಆಗಿತ್ತು."

ಹೇಳಿ ನಕ್ಕ. ಅವನ ಹಲ್ಲುಗಳೆಲ್ಲ ಕೆಂಪು, ತುಟಿಯ ಮೂಲೆಯಲ್ಲಿ ಜೊಲ್ಲು. ಆ ಬಾಯಿಗೆ ನನ್ನ ಬಾಯಿ ಹೇಸಿಗೆ! ಅವನ ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ಬಾರಿಸಲಿಲ್ಲ. ಬೆಟ್ಟದಿಂದ ಇಳಿಸಿ ತಂದದ್ದೂ ಅವನೇ. ಮನೆಗೆ ನಡೆದೆ.

ಹೆಂಡತಿ ಪಡಸಾಲೆಯಲ್ಲಿ ಶೇಂಗಾ ಬಿಡಿಸುತ್ತಿದ್ದಳು. ನನ್ನಿಂದ ದೂರದಲ್ಲಿ ಕೂರುವುದು ಅವಳಿಗೆ ರೂಢಿಯಾಗಿತ್ತು. ನಾನು ಗೊರಕೆ ಹೊಡೆಯುತ್ತೇನೆ ಎಂದು ಅವಳ ಹಾಸಿಗೆ ನಡುಮನೆಗೆ ಹೋಗಿ ಬಹಳ ವರ್ಷವಾಗಿತ್ತು. ನಾನು ಬಾಗಿಲಲ್ಲೇ ನಿಂತು ಕೇಳಿದೆ, ನಿನಗೂ ಗೊತ್ತಿತ್ತೇ ಎಂದು. ಯಾವುದು ಎಂದು ಅವಳು ಕೇಳಲಿಲ್ಲ. ಶೇಂಗಾ ಒಡೆಯುತ್ತಲೇ ಹೇಳಿದಳು.

"ಗಂಡನ ಬಾಯಿ ನಾರತೈತಿ ಅಂತ ಎಷ್ಟ ಸಲ ಹೇಳೂದ್ರಿ? ಒಮ್ಮಿ ಹೇಳಿದ್ನಿ. ನೀವು ಲವಂಗ ತಿಂದ್ರಿ. ಹೋತೇನು ಅಂತ ಕೇಳಿದ್ರಿ. ಹೋತು ಅಂದ್ನಿ."

"ಹೋಗಿತ್ತೇನು?"

"ಲವಂಗದ ವಾಸನಿ ಬ್ಯಾರೆ ಕೂಡ್ತು, ಅಷ್ಟ."

ಲವಂಗ ತಿಂದದ್ದು ನನಗೆ ನೆನಪೇ ಇರಲಿಲ್ಲ. ಅವಳಿಗೆ ಯಾವ ದೀಪಾವಳಿ ಎನ್ನುವುದೂ ನೆನಪಿತ್ತು. ನನ್ನ ಜೊತೆ ಒಂದು ತಟ್ಟೆಯಲ್ಲಿ ಊಟ ಬಿಟ್ಟದ್ದು, ನನ್ನ ಲೋಟವನ್ನು ಬೇರೆ ತೊಳೆಯತೊಡಗಿದ್ದು, ಕುಷ್ಟಗಿಗೆ ಕೊಟ್ಟ ಮಗಳು ಬಂದಾಗಲೆಲ್ಲ ಬಾಗಿಲಲ್ಲೇ ಕಾಲಿಗೆ ಬಿದ್ದು ಒಳಗೆ ಸರಿದು ಹೋಗುತ್ತಿದ್ದದ್ದು, ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದಳು. ನಾನು ಸ್ಟೀಲ್ ಲೋಟ ಚೀಲದಲ್ಲಿಟ್ಟುಕೊಂಡು ಊರ ಎಂಜಲಿನಿಂದ ನನ್ನನ್ನು ಕಾಪಾಡಿಕೊಳ್ಳುತ್ತಿದ್ದೆ. ನನ್ನ ಮನೆಯವರು ನನ್ನ ಎಂಜಲಿನಿಂದ ತಮ್ಮನ್ನು ಕಾಪಾಡಿಕೊಳ್ಳುತ್ತಿದ್ದರು. ಮನೆತುಂಬ ಗೊತ್ತಿದ್ದ ಸಂಗತಿ ನನ್ನೊಬ್ಬನಿಗೆ ಗೊತ್ತಿರಲಿಲ್ಲ. ಅವಳ ಮೇಲೆ ಸಿಟ್ಟು ಬಂತು, ಹೇಳಲಿಲ್ಲವಲ್ಲ ಎಂದು. ಹೇಳಿದ್ದಳಲ್ಲ ಎಂದು ಮತ್ತೆ ನನ್ನ ಮೇಲೇ ಬಂತು. ಅವತ್ತು ನಾನು ಊಟ ಮಾಡಲಿಲ್ಲ. ಬಾಯಿಗೆ ಹೋದ ತುತ್ತು ಯಾವ ಕೀವಿನಲ್ಲಿ ಕಲಸಿಕೊಳ್ಳುತ್ತದೆ ಎಂದು ಕಣ್ಣಿಗೆ ಕಟ್ಟಿತ್ತು.

ಗಂಗಾವತಿಗೆ ಮತ್ತೆ ಹೋದಾಗ ಹೆಂಡತಿಯೂ ಜೊತೆಗೆ ಬಂದಳು. ಹೃದಯದ ಡಾಕ್ಟರಿಗೆ ಹಲ್ಲಿನ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಬಾಯಿಂದಲೇ ಎದೆ ಕೆಟ್ಟಿತೇ ಎಂದು ಕೇಳಿದೆ. ಹೌದು ಎನ್ನಲಿ ಎಂದು ನನಗೆ ಆಸೆ ಇತ್ತು. ಒಂದೇ ಕಾರಣ ಸಿಕ್ಕಿದರೆ ಅದನ್ನು ಕಿತ್ತು ಎಸೆಯಬಹುದಲ್ಲ.

"ಹಂಗ ನಾ ಹೇಳಂಗಿಲ್ರಿ," ಎಂದರು. "ಎದಿ ಬಿರುಸಾಗಾಕ ಮೊದಲನೇ ಕಾರಣ ಬಿ.ಪಿ. ನೀವು ಗುಳಿಗಿ ಸರಿಯಾಗಿ ತಗೊಂಡಿಲ್ಲ. ಆದ್ರ ಮೈಯಾಗ ಇಂಥಾ ಉರಿಯೂತ ವರ್ಷಾನಗಟ್ಟಲೆ ಇದ್ರ ರಕ್ತನಾಳ, ಹೃದಯ ಸುಮ್ನ ಇರಂಗಿಲ್ಲ. ಎರಡೂ ಕೂಡಿ ತಿಂದಾವು. ಯಾವುದು ಎಷ್ಟು ತಿಂತು ಅಂತ ಯಾರಿಗೂ ಹೇಳಾಕ ಬರಂಗಿಲ್ಲ."

ಬಿ.ಪಿ. ಇದ್ದವರೆಲ್ಲರ ಸಿ.ಆರ್.ಪಿ. ಏರಿದರೆ ಬಾಯೇ ಕಾರಣ ಎಂದೂ ತಿಳಿಯಬಾರದು ಎಂದರು. ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ, ಬೀಡಿ, ಯಾವುದರಿಂದಲೂ ಏರಬಹುದಂತೆ. ನನ್ನಲ್ಲಿ ಕಣ್ಣಿಗೆ ಕಾಣುವ ಕೊಳೆ ಸಿಕ್ಕಿದೆ, ಅದನ್ನು ತೆಗೆಯೋಣ, ಬಿ.ಪಿ. ಇಳಿಸೋಣ, ಆಮೇಲೆ ರಕ್ತ ನೋಡೋಣ ಎಂದರು. ಹೆಂಡತಿ ಅಲ್ಲಿಯೇ ಉಪ್ಪಿನಕಾಯಿಯ ಸಂಗತಿ ಎತ್ತಿದಳು. ಡಾಕ್ಟರು ಅವಳ ಕಡೆ ತಿರುಗಿ ಉಪ್ಪಿನ ಬಗ್ಗೆ ಹೇಳಿದ್ದೇ ಹೇಳಿದ್ದು. ನನ್ನ ಬಾಯಿಯ ವಿಚಾರ ಇಬ್ಬರು ಬೇರೆಯವರು ನನ್ನ ಎದುರಿಗೇ ನಿರ್ಧಾರ ಮಾಡುತ್ತಿದ್ದರು.

ಬಿ.ಪಿ. ಹತೋಟಿಗೆ ಬರುವತನಕ ಹಲ್ಲಿಗೆ ಕೈ ಹಚ್ಚಲು ಹುಡುಗಿ ಡಾಕ್ಟರು ಒಪ್ಪಲಿಲ್ಲ. ಬಂದ ಮೇಲೆ ಶುರುವಾಯಿತು. ಬಾಯಿಯನ್ನು ನಾಲ್ಕು ಭಾಗ ಮಾಡಿ, ಒಂದೊಂದು ಸಲಕ್ಕೆ ಒಂದೊಂದು ಭಾಗ. ಒಸಡಿನ ಕೆಳಗೆ ಕಟ್ಟಿದ್ದ ಕಲ್ಲನ್ನು ಕೆರೆದು ತೆಗೆಯುವಾಗ ತಗಡನ್ನು ಮೊಳೆಯಿಂದ ಗೀರಿದ ಸದ್ದು ತಲೆಯೊಳಗೆ ಕೇಳುತ್ತಿತ್ತು. ತೆಗೆದ ಕಲ್ಲಿನ ಚೂರುಗಳನ್ನು ಬಿಳಿ ಹತ್ತಿಯ ಮೇಲೆ ಇಟ್ಟಳು. ಕಪ್ಪು, ಹಸಿರು, ರಕ್ತ ಮೆತ್ತಿದ ಚೂರುಗಳು. ನೋಡಬೇಡ ಎಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಬುಡ ಸಡಿಲವಾಗಿದ್ದ ಕೆಲವು ಹಲ್ಲುಗಳು ಉಳಿಯುವ ಹಾಗಿರಲಿಲ್ಲ. ಅವನ್ನು ಕಿತ್ತಳು. ಜಗ್ಗಬೇಕಾಗಲೂ ಇಲ್ಲ, ಕೆಸರಿನಿಂದ ಗೂಟ ಬಂದ ಹಾಗೆ ಬಂದವು. ಅವುಗಳ ವಾಸನೆ ಮದ್ದಿನ ವಾಸನೆಯನ್ನೂ ಮೀರಿ ಕೋಣೆ ತುಂಬಿತು. ಆಗ ಮೊದಲ ಸಲ, ನನ್ನ ಜೊತೆ ಬದುಕಿದವರು ಏನನ್ನು ಉಸಿರಾಡಿದ್ದರು ಎಂದು ನನ್ನ ಮೂಗಿಗೇ ತಿಳಿಯಿತು.

ಸುದ್ದಿ ಓಣಿಯಲ್ಲಿ ಹಬ್ಬಿತು. ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂದು ಹೇಳಲು ಜನ ಮನೆಗೇ ಬಂದರು. ಎದೆ ರೋಗ ಇದ್ದವನ ಹಲ್ಲು ಮುಟ್ಟಿದರೆ ಪ್ರಾಣಕ್ಕೇ ಅಪಾಯ ಎಂದು ನೆರೆಮನೆಯ ಹಿರಿಯರೊಬ್ಬರು, ಕಿವಿಯಿಂದ ಬೆಂಕಿಕಡ್ಡಿ ತೆಗೆದು ಅದರಿಂದಲೇ ಹಲ್ಲು ಕೆದಕುತ್ತ ಹೇಳಿದರು. ಕೆದಕಿ ಬಂದದ್ದನ್ನು ನೋಡಿ, ಮತ್ತೆ ಬಾಯಿಗೆ ಹಾಕಿಕೊಂಡರು. ನಾನು ಎದ್ದು ಹಿತ್ತಿಲಿಗೆ ಹೋದೆ. ಅವರು ಹೋಗುವತನಕ ಬರಲಿಲ್ಲ. ಮೊದಲಾದರೆ ಅವರ ಮೇಲೆ ಹರಿಹಾಯುತ್ತಿದ್ದೆ. ಈಗ ಹೇಸಿಗೆ ಮೊದಲಿನಷ್ಟೇ ಆಗುತ್ತದೆ, ಬಾಯಿ ಮಾತ್ರ ಏಳುವುದಿಲ್ಲ.

ಕೆಲವು ತಿಂಗಳ ನಂತರ ಸಿ.ಆರ್.ಪಿ. ಇಳಿಯಿತು. ಪೂರ್ತಿ ಅಲ್ಲ, ಆದರೆ ಡಾಕ್ಟರು ಹುಬ್ಬು ಸಡಿಲಿಸುವಷ್ಟು ಇಳಿಯಿತು. ಬಿ.ಪಿ.ಯೂ ಹದಕ್ಕೆ ಬಂದಿತ್ತು. ಎಕೋದಲ್ಲಿ ಮಾತ್ರ ಹೆಚ್ಚಿನ ಬದಲಾವಣೆ ಇಲ್ಲ. ದಪ್ಪವಾದ ಗೋಡೆ ಅಷ್ಟು ಸುಲಭಕ್ಕೆ ತೆಳ್ಳಗಾಗುವುದಿಲ್ಲವಂತೆ. ಇದ್ದದ್ದು ಇನ್ನಷ್ಟು ಕೆಡದ ಹಾಗೆ ನೋಡಿಕೊಳ್ಳಬೇಕು, ಗುಳಿಗೆ ಬದುಕಿರುವತನಕ ಎಂದರು. ಉಸಿರು ಮೊದಲಿಗಿಂತ ಪರವಾಗಿಲ್ಲ. ಸಪಾಟು ದಾರಿಯಲ್ಲಿ ನಡೆಯುತ್ತೇನೆ. ಅವಸರ ಮಾಡಿದರೆ ಉಸಿರು ಕಟ್ಟುತ್ತದೆ. ಡಿಪೋದಲ್ಲಿ ನನ್ನನ್ನು ಬಸ್ಸಿನಿಂದ ಇಳಿಸಿ ನಿಲ್ದಾಣದಲ್ಲಿ ಕೂರುವ ಕೆಲಸ ಕೊಟ್ಟರು. ಡ್ರೈವರ್ ಒಂದು ದಿನ ಅಲ್ಲಿಗೆ ಬಂದು, ಆ ಹಲ್ಲಿನ ಡಾಕ್ಟರ ದವಾಖಾನೆ ಎಲ್ಲಿ ಎಂದು ಮೆಲ್ಲಗೆ ಕೇಳಿದ. ಬಾಯಿ ಪೂರ್ತಿ ತೆರೆಯಲು ಬರುತ್ತಿಲ್ಲವಂತೆ. ಜೊತೆಗೆ ನಾನೇ ಹೋದೆ. ಅವನು ಕುರ್ಚಿಯಲ್ಲಿ ಒರಗಿದಾಗ ಒಳಗೆ ನಿಲ್ಲದೆ ಹೊರಗೆ ಬಂದು ಕೂತೆ. ಅವನ ಬಾಯಿಯೊಳಗಿನದನ್ನು ನೋಡುವ ಶಕ್ತಿ ನನ್ನಲ್ಲಿರಲಿಲ್ಲ. ಅವಳು ಅವನನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿದಳು. ಬಾಯೊಳಗಿನ ಹುಣ್ಣು ಸದ್ಯಕ್ಕೆ ಕ್ಯಾನ್ಸರ್ ಅಲ್ಲ, ಗುಟ್ಕಾ ಬಿಡದಿದ್ದರೆ ಆಗುತ್ತದೆ ಎಂದು ಅಲ್ಲಿ ಹೇಳಿದರಂತೆ. ಬಿಟ್ಟಿದ್ದೇನೆ ಎನ್ನುತ್ತಾನೆ. ಅವನ ತುಟಿ ನೋಡಿದರೆ ನಂಬಿಕೆ ಬರುವುದಿಲ್ಲ.

ಈಗ ನನಗೆ ಹಲ್ಲಿನ ಸಂದಿ ತಿಕ್ಕಲು ಬಾಟಲಿ ತೊಳೆಯುವ ಬ್ರಷ್ಷಿನಂಥದೇ, ಆದರೆ ಬಹಳ ಸಣ್ಣದೊಂದು ಬ್ರಷ್ ಕೊಟ್ಟಿದ್ದಾರೆ. ಒಂದೊಂದು ಸಂದಿಗೂ ಹಾಕಿ ಎಳೆದು ಮೂಸಿ ನೋಡಬೇಕು. ವಾಸನೆ ಬಂದರೆ ಅಲ್ಲಿ ಮತ್ತೆ ಕೊಳೆ ಕೂತಿದೆ ಎಂದು ಅರ್ಥ, ಮತ್ತೆ ತಿಕ್ಕಬೇಕು. ನನ್ನ ಬಾಯಿಯನ್ನು ನಾನೇ ಮೂಸುವ ಈ ಕೆಲಸಕ್ಕಿಂತ ಹೇಸಿಗೆಯದು ನನಗೆ ಇನ್ನೊಂದಿಲ್ಲ. ಬೆಳಿಗ್ಗೆ ಬಚ್ಚಲಿನ ಕಲ್ಲಿನ ಮೇಲೆ ಕೂತು ಮೂಗು ಸಿಂಡರಿಸಿಕೊಂಡೇ ಮಾಡುತ್ತೇನೆ. ಒಂದು ದಿನವೂ ರೂಢಿಯಾಗಿಲ್ಲ. ಎಷ್ಟೋ ಸಲ ಹಾಗೇ ಬಿಟ್ಟೇಳುವ ಮನಸ್ಸಾಗುತ್ತದೆ.

ನಿನ್ನೆ ಹೆಂಡತಿ ಬಚ್ಚಲಿನ ಬಾಗಿಲಿಗೆ ಬಂದು ನಿಂತು ನೋಡಿದಳು. ಹಿಂದಿನ ಹಲ್ಲು ಬಿಟ್ಟಿರಿ ಎಂದಳು. ಬಿಟ್ಟದ್ದು ನಿಜ. ತಿಕ್ಕಿದೆ. ಕೈ ಚಾಚಿ ಬ್ರಷ್ ಇಸಿದುಕೊಂಡು ಅವಳೇ ಮೂಸಿದಳು, ಮುಖ ಕಿವುಚಿದಳು, ವಾಪಸು ಕೊಟ್ಟಳು.

"ಇನ್ನೊಮ್ಮಿ ತಿಕ್ರಿ. ಚಾ ಆಮ್ಯಾಲೆ ಕೊಡ್ತೀನಿ."

ಇನ್ನೊಮ್ಮೆ ತಿಕ್ಕಿದೆ.